ಜವರಮ್ಮನ ನಾಲಿಗೆ

ಜವರಮ್ಮನ ನಾಲಿಗೆಯ ತುದಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಬಿಳಿ ಕಲೆಯೊಂದಿತ್ತು. ಮಾತಾಡುವಾಗ ಅದು ಕಾಣುತ್ತಿರಲಿಲ್ಲ. ಬೆಳಿಗ್ಗೆ ಕೆಲಸದ ಜಾಗಕ್ಕೆ ಬಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಳಲೆಕಾಯಿ ನೆನೆಹಾಕಿದ ಗುಡಾಣದ ಮುಂದೆ ಕುಕ್ಕರಗಾಲಲ್ಲಿ ಕೂತು, ಕಿರುಬೆರಳನ್ನು ಒಳಗೆ ಅದ್ದಿ ನಾಲಿಗೆಗೆ ಮುಟ್ಟಿಸಿಕೊಳ್ಳುತ್ತಿದ್ದಳಲ್ಲ, ಆಗ ಕಾಣುತ್ತಿತ್ತು. ಕಣ್ಣು ಮುಚ್ಚುವಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಪಕ್ಕಕ್ಕೆ ತಿರುಗಿ ಉಗಿದು, "ಇನ್ನೂ ಮೂರು ದಿನ" ಎನ್ನುವಳು, ಇಲ್ಲವೇ "ಎತ್ತಿ" ಎನ್ನುವಳು. ಅವಳು ಎತ್ತಿ ಅನ್ನುವವರೆಗೆ ಅಲ್ಲಿದ್ದ ಯಾವ ಗಂಡಸೂ ಆ ಗುಡಾಣಕ್ಕೆ ಚೊಂಬು ಇಳಿಸುತ್ತಿರಲಿಲ್ಲ.

ನಮ್ಮ ಕಡೆ ಈಗ ಸಿಮೆಂಟು ಕಲಸಿದರೂ ಗಾರೆ ಕೆಲಸ ಅಂತಲೇ ಕರೆಯುತ್ತಾರೆ. ಜವರಮ್ಮನದು ಹಳೇ ಗಾರೆ. ಸುಟ್ಟ ಸುಣ್ಣ, ಮರಳು, ಇಟ್ಟಿಗೆ ಪುಡಿ. ಅದನ್ನು ಕಲಸುವುದಕ್ಕೆ ಬರಿ ನೀರಲ್ಲ, ಅಳಲೆಕಾಯಿ ಜಜ್ಜಿ ಬೆಲ್ಲ ಹಾಕಿ ದಿನಗಟ್ಟಲೆ ಹುಳಿಬರಿಸಿದ ಕಂದು ನೀರು. ಹೊಸದರಲ್ಲಿ ಆ ನೀರು ಸಿಹಿಯಾಗಿರುತ್ತದೆ. ದಿನ ಕಳೆದಂತೆ ಸಿಹಿ ಇಳಿದು ಒಗರು ಏರುತ್ತದೆ, ಕೊನೆಗೆ ಹುಳಿ. ಸಿಹಿ ಪೂರ್ತಿ ಹೋಗಿ, ಒಗರಿಗೆ ದವಡೆ ಹಿಡಿದುಕೊಳ್ಳುವಂತಾದಾಗ ಹದ. ಎಷ್ಟು ದಿನಕ್ಕೆ ಹದ ಬರುತ್ತದೆ ಅಂದರೆ ಅವಳು ಹೇಳುತ್ತಿರಲಿಲ್ಲ. ಬಿಸಿಲಿದ್ದರೆ ಬೇಗ, ಚಳಿಯಿದ್ದರೆ ತಡ, ಬೆಲ್ಲ ಹಳೆಯದಾದರೆ ಇನ್ನೊಂದು ಥರ. ಕಲಸಿ ಅರೆದ ಗಾರೆಯನ್ನೂ ಹೀಗೇ ಒಂದು ಚೂರು ಮುಟ್ಟಿಸಿಕೊಳ್ಳುತ್ತಿದ್ದಳು. ನಾಲಿಗೆಯ ಕಲೆ ಆ ಸುಣ್ಣದ್ದು.

ನಾನು ಚನ್ನರಾಯಪಟ್ಟಣದವಳು. ಸಿವಿಲ್ ಡಿಪ್ಲೊಮಾ ಮುಗಿಸಿ ಹಾಸನದಲ್ಲಿ ಹಳೇ ಕಟ್ಟಡಗಳ ರಿಪೇರಿ ಮಾಡುವ ಸಣ್ಣ ಕಂಪನಿಯೊಂದಕ್ಕೆ ಸೇರಿದ್ದೆ. ಹುಟ್ಟಾ ಪುಕ್ಕಲಿ. ಏಣಿ ಹತ್ತಲು ಹೆದರಿಕೆ, ಮೇಸ್ತ್ರಿಯ ಹತ್ತಿರ ಗಟ್ಟಿಯಾಗಿ ಮಾತಾಡಲು ಹೆದರಿಕೆ, ನಮ್ಮ ಸಾಹೇಬರ ಫೋನ್ ಬಂದರೆ ಎದ್ದು ನಿಂತು ಮಾತಾಡುವಷ್ಟು ಹೆದರಿಕೆ. ಇಂಥವಳ ತಲೆಗೆ ಅರಕಲಗೂಡಿನ ಹತ್ತಿರದ ಹಳ್ಳಿಯ ಒಂದು ಹಳೇ ಶಾಲೆಯ ಕೋಣೆ ಬಂತು. ಮೂರು ಅಂಕಣದ ಉದ್ದನೆಯ ಕೋಣೆ, ಮೇಲೆ ಇಟ್ಟಿಗೆಯ ಕಮಾನು ಚಾವಣಿ. ಚಾವಣಿ ಕುಸಿದಿತ್ತು, ಗೋಡೆ ಗಟ್ಟಿಯಾಗಿತ್ತು. ಗಾರೆಯ ಗೋಡೆ, ಅದರ ಮೇಲೆ ಕಾಂಕ್ರೀಟಿನ ಭಾರ ಹೊರಿಸುವ ಹಾಗಿರಲಿಲ್ಲ. ಇದ್ದ ಹಾಗೇ ಕಮಾನು ಕಟ್ಟಬೇಕು, ಅದಕ್ಕೆ ಗಾರೆ ಗೊತ್ತಿರುವವರು ಬೇಕು. ಹಾಸನದ ವಯಸ್ಸಾದ ಮೇಸ್ತ್ರಿಯೊಬ್ಬರು, ಕಟ್ಟುವವರು ಹತ್ತು ಜನ ಸಿಗುತ್ತಾರೆ, ಹದ ಹೇಳುವುದಕ್ಕೆ ಜವರಮ್ಮನೊಬ್ಬಳೇ ಉಳಿದಿರುವುದು ಅಂದರು. ಹುಡುಕಿಕೊಂಡು ಹೋದರೆ ಅವಳು ಹೊಗೆಸೊಪ್ಪು ಹದಮಾಡುವ ಒಂದು ಬ್ಯಾರನ್ನಿನ ಮುಂದೆ ಹೆಂಗಸರ ಸಾಲಿನಲ್ಲಿ ಕೂತು ಸೊಪ್ಪು ಆರಿಸುತ್ತಿದ್ದಳು. ಗಾರೆ ಅಂದ ತಕ್ಷಣ ಕೈಯಲ್ಲಿದ್ದ ಎಲೆ ಕೆಳಗಿಟ್ಟು, ನಿಜವಾಗಿಯೂ ಸುಣ್ಣದ್ದೇನಾ ಎಂದು ಎರಡು ಸಲ ಕೇಳಿದಳು. ಅದೇ ವಾರ ಕೆಲಸಕ್ಕೆ ಬಂದಳು.

ಮೊದಲು ನಾನು ಅವಳಿಗೆ ಬಹುವಚನ ಹಚ್ಚುತ್ತಿದ್ದೆ. "ನೀವು ಗೀವು ಬ್ಯಾಡ ಕಣವ್ವ. ಇಂದ್ಗಡೆ ಇನ್ಯಾರೋ ನಿಂತವ್ರೇನೋ ಅಂತ ತಿರುಗಿ ನೋಡಂಗಾಯ್ತದೆ" ಅಂದಳು. ಅವಳ ಮನೆ ಹೊಳೆನರಸೀಪುರದಲ್ಲಿ, ದಿನವೂ ಚನ್ನರಾಯಪಟ್ಟಣದಿಂದ ಬರುವ ನನ್ನ ದಾರಿಯಲ್ಲೇ. ಹೀಗಾಗಿ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವುದು ರೂಢಿಯಾಯಿತು. ಹೆದರಿಕೆಯ ವಿಷಯದಲ್ಲಿ ನಾವಿಬ್ಬರೂ ಸರಿಜೋಡಿ. ಅವಳು ಒಂದು ಪಕ್ಕಕ್ಕೆ ಕೂತು, ಎರಡೂ ಕೈಯಿಂದ ನನ್ನ ಸೊಂಟ ಅವುಚಿ, ಅರಕಲಗೂಡು ಬರುವವರೆಗೂ ಕಣ್ಣು ಮುಚ್ಚಿರುತ್ತಿದ್ದಳು. ಎದುರಿಗೆ ಬಸ್ಸು ಬಂದ ಸದ್ದಾದರೆ ಅವಳ ಉಗುರು ನನ್ನ ಹೊಟ್ಟೆಗೆ ನೆಡುತ್ತಿತ್ತು. ಎಮ್ಮೆಗೆ ಹೆದರುತ್ತಿದ್ದಳು, ಮೊಬೈಲಿನಲ್ಲಿ ಮಾತಾಡಲು ಹೆದರುತ್ತಿದ್ದಳು, ಕಟ್ಟಿದ ಇಟ್ಟಿಗೆಯ ಸಾಲು ಒಂದಿಂಚು ಸೊಟ್ಟಗಾದರೂ ಎದೆ ಹಿಡಿದುಕೊಳ್ಳುತ್ತಿದ್ದಳು. ಒಂದು ದಿನ ಏಣಿಯ ನಡುವೆ ನಿಂತು ನಾನು ಬೆವರುತ್ತಿದ್ದೆ. ನಮ್ಮ ಮೇಸ್ತ್ರಿ ಬೋರೇಗೌಡರು ನಕ್ಕುಬಿಟ್ಟರು. ಜವರಮ್ಮ ನಗಲಿಲ್ಲ. ಇಳಿದು ಬಂದಮೇಲೆ ನೀರು ಕೊಟ್ಟು ಹೇಳಿದಳು:

"ಎದ್ರಿಕೆ ಇರ್ಬೇಕು ಕಣವ್ವ. ಎದ್ರಿಕೆ ಇಲ್ದೋರು ಗಾರೆ ಮುಟ್ಬಾರ್ದು."

ಇಂಥ ಮಾತನ್ನು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಮನೆಯಲ್ಲಿ, ಕಾಲೇಜಿನಲ್ಲಿ, ಆಫೀಸಿನಲ್ಲಿ ಎಲ್ಲರೂ ಧೈರ್ಯ ಮಾಡು ಅಂತಲೇ ತಿದ್ದಿದವರು. ಅವತ್ತಿನಿಂದ ಅವಳು ನನ್ನವಳಾದಳು.

ಅಳಲೆ ನೀರು ಸುಣ್ಣಕ್ಕೆ ಏನು ಮಾಡುತ್ತದೆ ಅನ್ನುವುದು ನನಗೆ ಒಗಟಾಗಿತ್ತು. ಹಾಸನದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಗೆಳತಿಯೊಬ್ಬಳಿದ್ದಾಳೆ. ಅವಳ ಹತ್ತಿರ ಎರಡು ಚೂರು ಗಾರೆ ತೆಗೆದುಕೊಂಡು ಹೋದೆ, ಒಂದು ಬರಿ ನೀರಲ್ಲಿ ಕಲಸಿದ್ದು, ಇನ್ನೊಂದು ಜವರಮ್ಮನದು. ಮೈಕ್ರೋಸ್ಕೋಪಿನಲ್ಲಿ ಬರಿ ನೀರಿನದು ಕಲ್ಲುಸಕ್ಕರೆ ಸುರಿದ ಹಾಗೆ ದಪ್ಪ ದಪ್ಪ ಹರಳು, ನಡುವೆ ಕತ್ತಲೆ ಸಂದು. ಜವರಮ್ಮನದರಲ್ಲಿ ಸಣ್ಣ ರವೆಯಂಥ ಹರಳುಗಳು ಒತ್ತೊತ್ತಾಗಿ ಕೂತಿದ್ದವು. ಅಳಲೆಯ ಒಗರು, ಹುಳಿಬಂದ ಬೆಲ್ಲದ ಸಾರ ಹರಳಿನ ಮೈಗೆ ಅಂಟಿಕೊಂಡು ಅದನ್ನು ದಪ್ಪವಾಗಲು ಬಿಡುವುದಿಲ್ಲವಂತೆ. ಒಂದು ಬೆಳೆಯಲಾರದೆ ನಿಂತರೆ ಪಕ್ಕದಲ್ಲಿ ಇನ್ನೊಂದು ಹುಟ್ಟುತ್ತದಂತೆ. ಹಸಿ ಬೆಲ್ಲವೇ ಹೆಚ್ಚಾದರೆ ಮಾತ್ರ ಸುಣ್ಣ ಅದರಲ್ಲಿ ಕರಗಿಕೊಂಡು ಬಹಳ ದಿನ ಹರಳಾಗುವುದೇ ಇಲ್ಲ ಎಂದೂ ಹೇಳಿದಳು. ನಾನು ದೊಡ್ಡ ಸುದ್ದಿ ತಂದವಳ ಹಾಗೆ ಮರುದಿನ ಇದನ್ನೆಲ್ಲ ಜವರಮ್ಮನಿಗೆ ಒಪ್ಪಿಸಿದೆ. ಅವಳು ಅಳಲೆಕಾಯಿ ಜಜ್ಜುವುದನ್ನೂ ನಿಲ್ಲಿಸಲಿಲ್ಲ.

"ಅದ್ಕೇನು ಮಿಸನ್ನು ಬೇಕಾ? ಸುಣ್ಣನ ಅದರ ಪಾಡಿಗೆ ಬುಟ್ರೆ ಕಾಲು ಚಾಚ್ಕಂಡು ದಪ್ಪಕೆ ಕುಂತ್ಕತದೆ. ಸಂದು ಉಳೀತದೆ. ಅಳಲೆ ನೀರು ಬಿತ್ತು ಅನ್ನು, ಎದ್ರಿ ಸಣ್ಣಗಾಗಿ ಒಂದುನ್ನೊಂದು ಅವುಚ್ಕಂಡು ಕುಂತ್ಕತದೆ. ಬೆಲ್ಲ ಅಸೀದಾದ್ರೆ ಅದರ ರುಚಿಗೆ ಬಿದ್ದು ಕಲ್ಲಾಗಾದ್ನೇ ಮರ್ತೋಯ್ತದೆ."

ಸ್ಕೂಟರಿನ ಮೇಲೆ ನನ್ನನ್ನು ಅವುಚಿಕೊಂಡು ಕೂರುವವಳು ಈ ಮಾತು ಹೇಳಿದ್ದು ಕೇಳಿ ನನಗೆ ನಗು ಬಂತು.

ಅವಳ ಹೆದರಿಕೆಗೆ ಒಂದು ಹಿಂದಣ ಕಥೆ ಇತ್ತು. ಅವಳ ಅಪ್ಪ ಸುಣ್ಣದ ಗೂಡು ಸುಡುತ್ತಿದ್ದವನು, ಗಾರೆಯನ್ನೂ ಕಲಸುತ್ತಿದ್ದ. ಜವರಮ್ಮ ಚಿಕ್ಕವಳಿದ್ದಾಗ ಯಾರದೋ ಮನೆಯ ಕಣಜದ ಕೋಣೆಗೆ ಕಮಾನು ಕಟ್ಟುವಾಗ, ಯಜಮಾನರ ಅವಸರಕ್ಕೆ ಬಗ್ಗಿ ಹುಳಿಬಾರದ ನೀರು ಸುರಿದುಬಿಟ್ಟ. ಕೆಲವು ದಿನದಲ್ಲೇ ಕಮಾನಿಗೆ ಇರುವೆ ಹತ್ತಿದವು. ಹುಳಿಬಂದ ಬೆಲ್ಲಕ್ಕೆ ಇರುವೆ ಬರುವುದಿಲ್ಲ. ಬಂದರೆ ಒಳಗೆ ಸಿಹಿ ಉಳಿದಿದೆ, ಸುಣ್ಣ ಇನ್ನೂ ಕಲ್ಲಾಗಿಲ್ಲ ಅಂತ ಅರ್ಥ. ಅಪ್ಪ ನೋಡಿದ, ಹೇಳಲಿಲ್ಲ. ಕಮಾನನ್ನು ಹೊತ್ತಿದ್ದ ಕಂಬ ಹಲಗೆಗಳ ಸೆಂಟ್ರಿಂಗ್ ಬಿಚ್ಚಿದ ದಿನ ಕಮಾನು ಕುಸಿದು ಕೂತಿತು, ಕೆಳಗೆ ಬಾಂಡ್ಲಿ ಹೊತ್ತಿದ್ದವಳು ಜವರಮ್ಮನ ತಾಯಿ. ಬದುಕಿದಳು, ಆದರೆ ಇದ್ದಷ್ಟು ದಿನವೂ ಕುಂಟಿದಳು. ಅವತ್ತಿನಿಂದ ಆ ಮನೆಯಲ್ಲಿ ಒಂದು ಕಟ್ಟುಪಾಡು ಬಂತು. ಸೆಂಟ್ರಿಂಗ್ ಬಿಚ್ಚುವಾಗ ಗಾರೆ ಹದ ಹೇಳಿದವರು ಆ ಕಮಾನಿನ ಕೆಳಗೇ ಕೂತು ಊಟ ಮಾಡಬೇಕು. ಅಪ್ಪ ಸಾಯುವ ತನಕ ಕೂತ. ಆಮೇಲೆ ಜವರಮ್ಮ ಕೂತಳು. ಪ್ರತಿ ಸಲವೂ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲವೆಂದು ಅವಳೇ ಹೇಳುತ್ತಿದ್ದಳು.

ನಮ್ಮ ಶಾಲೆಯ ಕಮಾನು ಪಡುವಣ ಅಂಕಣದಿಂದ ಏರುತ್ತಾ ಬಂತು. ಸರ್ವೆ ಕಂಬಗಳ ಮೇಲೆ ಹಲಗೆ ಬಾಗಿಸಿ, ಅದರ ಮೇಲೆ ಇಟ್ಟಿಗೆ ಜೋಡಿಸುವುದು. ಎರಡು ಅಂಕಣ ಮುಗಿದು ಮೂಡಣದ್ದು ಅರ್ಧವಾಗಿತ್ತು. ಆಗ ಜವರಮ್ಮನಿಗೆ ಜ್ವರ ಬಂತು. ಕೊರೊನಾ ಮುಗಿಯಿತು ಅಂತ ಎಲ್ಲರೂ ಮಾಸ್ಕು ಬಿಸಾಕಿ ಆಗಿತ್ತು, ಆದರೂ ಆ ಚಳಿಗಾಲದಲ್ಲಿ ಮನೆಮನೆಯಲ್ಲೂ ಅಂಥದೇ ಜ್ವರ ಸುತ್ತುತ್ತಿತ್ತು. ಯಾರೂ ಪರೀಕ್ಷೆ ಮಾಡಿಸುವ ಗೋಜಿಗೆ ಹೋಗಲಿಲ್ಲ. ಅವಳು ಮಲಗಿದ ದಿನಗಳಲ್ಲಿ ಬೋರೇಗೌಡರು ತಾವೇ ಹೊಸ ಗುಡಾಣ ನೆನೆಹಾಕಿದರು.

ಅವಳು ವಾಪಸು ಬಂದ ಬೆಳಿಗ್ಗೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಖ ಬತ್ತಿತ್ತು. ಎಂದಿನಂತೆ ಗುಡಾಣದ ಮುಂದೆ ಕೂತಳು, ಬೆರಳು ಅದ್ದಿದಳು, ಕಣ್ಣು ಮುಚ್ಚಿದಳು. ಎಂದಿಗಿಂತ ಬಹಳ ಹೊತ್ತು ಮುಚ್ಚಿದಳು. ಇನ್ನೊಮ್ಮೆ ಅದ್ದಿದಳು. ಕೆಲಸದವರೆಲ್ಲ ಬಾಂಡ್ಲಿ ಹಿಡಿದು ಕಾಯುತ್ತಿದ್ದರು. ಅವಳು ಯಾರ ಮುಖವನ್ನೂ ನೋಡದೆ "ಎತ್ತಿ" ಅಂದಳು. ಮಧ್ಯಾಹ್ನ ಅಡುಗೆಯವಳು ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದಳು. ಎಲ್ಲರೂ ಗೊಣಗಿ ಉಪ್ಪು ಕೇಳಿ ಹಾಕಿಸಿಕೊಂಡರು. ಜವರಮ್ಮ ಸುಮ್ಮನೆ ಮುದ್ದೆ ಮುರಿದು ಅದ್ದಿ ನುಂಗಿದಳು. ನಾನು ಎದುರಿಗೇ ಕೂತಿದ್ದೆ. ಆ ಜ್ವರಕ್ಕೆ ರುಚಿ ಹೋಗುತ್ತದೆಂದು ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಒಂದಕ್ಕೊಂದು ಕೂಡಿಸಿ ನೋಡುವ ಬುದ್ಧಿ ನನಗೆ ಹುಟ್ಟಲಿಲ್ಲ. ಆ ಗುಡಾಣದ ನೀರಿನಲ್ಲಿ ಕಲಸಿದ ಗಾರೆಯಿಂದಲೇ ಮೂಡಣ ಅಂಕಣದ ನೆತ್ತಿ ಮುಚ್ಚಿತು.

ಆಮೇಲೆ ಗಾರೆ ಬಿಗಿಯಲು ಕಾಯುವ ದಿನಗಳು. ಶಾಲೆಯ ಹೆಡ್ಮಾಸ್ಟರಿಗೆ ಅವಸರ. ಮಕ್ಕಳು ಜಗಲಿಯಲ್ಲಿ ಕೂತು ಪಾಠ ಕೇಳುತ್ತಿದ್ದರು, ಕೋಣೆ ಶುರುಮಾಡುವ ದಿನವನ್ನು ಅವರು ಯಾರ್ಯಾರಿಗೋ ಹೇಳಿಯೂ ಆಗಿತ್ತು. ಒಂದು ಶುಕ್ರವಾರ ಮಧ್ಯಾಹ್ನ ನಾನು ಒಳಗೆ ಹೋಗಿ ಸರ್ವೆ ಕಂಬಗಳ ಬುಡಕ್ಕೆ ಹೊಡೆದ ಬೆಣೆ ನೋಡುತ್ತಿದ್ದೆ. ಮೂಡಣ ಅಂಕಣದ ಒಂದು ಕಂಬದ ಮೇಲೆ ಕೆಂಪಗೆ ಏನೋ ದಾರದಂಥದು ಸರಿಯುತ್ತಿತ್ತು. ಬಗ್ಗಿ ನೋಡಿದೆ. ಇರುವೆ ಸಾಲು. ಕಂಬ ಹತ್ತಿ, ಹಲಗೆಯ ಸಂದಿಗೆ ಹೋಗಿ, ಮೇಲೆ ನೆತ್ತಿಯ ಇಟ್ಟಿಗೆಗಳ ನಡುವೆ ಮರೆಯಾಗುತ್ತಿತ್ತು. ಇನ್ನೊಂದು ಸಾಲು ಇಳಿಯುತ್ತಿತ್ತು. ಪಕ್ಕದ ಅಂಕಣದಲ್ಲಿ ಒಂದೂ ಇರಲಿಲ್ಲ. ಏಣಿ ಇಟ್ಟು ಹತ್ತಿ, ಹಲಗೆ ಮುಗಿಯುವ ಅಂಚಿನಲ್ಲಿ ಕೈ ತೂರಿಸಿ ನೆತ್ತಿಯ ಗಾರೆಗೆ ಹೆಬ್ಬೆರಳಿನ ಉಗುರು ಒತ್ತಿದೆ. ಉಗುರು ಒಳಗೆ ಹೋಯಿತು.

ಜವರಮ್ಮನನ್ನು ಕರೆದು ತೋರಿಸಿದೆ. ಅವಳು ಇರುವೆಯನ್ನು ನೋಡಿದಳು, ಮೇಲೆ ನೋಡಿದಳು, ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಹೊರಗೆ ಮಕ್ಕಳು ಒಟ್ಟಾಗಿ ಮಗ್ಗಿ ಹೇಳುತ್ತಿದ್ದ ಸದ್ದು ಕೇಳುತ್ತಿತ್ತು.

"ನಾಲ್ಗೆ ಸತ್ತೋಗದೆ ಕಣವ್ವ. ಜ್ವರ ಬಂದಾಗಿಂದ ಉಪ್ಪೂ ಗೊತ್ತಾಗಾಕಿಲ್ಲ, ಉಳೀನೂ ಗೊತ್ತಾಗಾಕಿಲ್ಲ. ಯೋಳುದ್ರೆ ತಿರ್ಗ ಸೊಪ್ಪು ಆರ್ಸಾಕೆ ಕಳುಸ್ಬುಡ್ತೀರ ಅಂತ ಎದ್ರುಕಂಡೆ. ಅಪ್ಪ ಮಾಡಿದ್ ತಪ್ಪೇ ಮಾಡ್ಬುಟ್ಟೆ."

ಸಾಹೇಬರಿಗೆ ನೀನೇ ಹೇಳು, ನನಗೆ ಬಾಯಿ ಬರುವುದಿಲ್ಲ ಅಂದಳು. ನಾಳೆ ಹಾಸನಕ್ಕೆ ಹೋಗಿ ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಹೇಳಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಶನಿವಾರ ಆಫೀಸಿಗೆ ಹೋದೆ. ಸಾಹೇಬರು ಬೇರೆ ಯಾರ ಮೇಲೋ ರೇಗಿ ಕೂತಿದ್ದರು. ನನ್ನನ್ನು ನೋಡಿ, ಅರಕಲಗೂಡಿನ ಕೆಲಸವಾದರೂ ಸರಿಯಾಗಿ ಮುಗಿಯುತ್ತಿದೆಯಲ್ಲ, ಅದೇ ಸಮಾಧಾನ ಅಂದರು. ನಾನು ತಲೆಯಾಡಿಸಿ ಹೊರಗೆ ಬಂದೆ. ಸೋಮವಾರ ಹೇಳಿದರಾಯಿತು, ಇನ್ನೂ ಕೆಲವು ದಿನ ಬಿಟ್ಟರೆ ಗಾರೆ ತಾನೇ ಬಿಗಿಯಬಹುದು, ಕಂಬಗಳಂತೂ ಇವೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಭಾನುವಾರ ಮನೆಯಲ್ಲಿ ಊಟಕ್ಕೆ ಕೂತರೆ ತಟ್ಟೆಯ ಅಂಚಿನಲ್ಲಿ ಒಂದು ಇರುವೆ ಹರಿಯಿತು. ಎದ್ದು ಕೈತೊಳೆದೆ.

ಸೋಮವಾರ ಬೆಳಿಗ್ಗೆ ಹೊಳೆನರಸೀಪುರದಲ್ಲಿ ಜವರಮ್ಮನ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯವಳು, ಯಾರೋ ಕೆಲಸದವನ ಫೋನು ಬಂದಿತ್ತು, ಇವತ್ತು ಶಾಲೆಯ ಸೆಂಟ್ರಿಂಗ್ ಬಿಚ್ಚುತ್ತಾರಂತೆ, ಅವಳು ಮೊದಲನೇ ಬಸ್ಸಿಗೇ ಹೋದಳು ಅಂದಳು. ಹೆಡ್ಮಾಸ್ಟರು ಸಾಹೇಬರಿಗೆ ಹೇಳಿ, ಸಾಹೇಬರು ನೇರವಾಗಿ ಬೋರೇಗೌಡರಿಗೆ ಹೇಳಿದ್ದರು. ನಾನು ಬೋರೇಗೌಡರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಅಲ್ಲಿಂದ ಅರಕಲಗೂಡಿನವರೆಗೆ ಹೇಗೆ ಓಡಿಸಿದೆನೋ ನೆನಪಿಲ್ಲ. ಸೊಂಟ ಅವುಚುವ ಕೈಗಳಿಲ್ಲದೆ ಹಿಂದಿನ ಸೀಟು ಹಗುರವಾಗಿತ್ತು ಅನ್ನುವುದೊಂದು ನೆನಪಿದೆ. ಕಮಾನು ಕೂತಿರುತ್ತದೆ, ಗೋಡೆಯ ಬದಿಗೆ ಆಟಕ್ಕೆ ಬಂದ ಮಕ್ಕಳಿರುತ್ತವೆ ಅಂತಲೇ ತಲೆ ಓಡುತ್ತಿತ್ತು. ಶಾಲೆಯ ತಿರುವಿನಲ್ಲಿ ಧೂಳು ಕಾಣುತ್ತದೇನೋ ಎಂದು ನೋಡಿದೆ. ಕಾಣಲಿಲ್ಲ.

ಒಳಗೆ ಪಡುವಣ ಮತ್ತು ನಡುವಿನ ಅಂಕಣದ ಕಂಬಗಳನ್ನು ಬಿಚ್ಚಿಯಾಗಿತ್ತು. ಮೂಡಣದ್ದು ಹಾಗೇ ಇತ್ತು. ಅದರ ನಡುಗಂಬವನ್ನು ಎರಡು ತೋಳಲ್ಲಿ ತಬ್ಬಿ, ಬೆಣೆಯ ಮೇಲೆ ತೊಡೆ ಒತ್ತಿ, ಜವರಮ್ಮ ಕೂತಿದ್ದಳು. ಸ್ಕೂಟರಿನಲ್ಲಿ ಕೂತಂತೆಯೇ ಕಣ್ಣು ಮುಚ್ಚಿದ್ದಳು. ಇರುವೆಗಳು ಅವಳ ತೋಳಿನ ಮೇಲೆ ಹಾದು ಹೋಗುತ್ತಿದ್ದವು. ಬೋರೇಗೌಡರು ಸುತ್ತಿಗೆ ಹಿಡಿದು ಎದುರಿಗೆ ನಿಂತಿದ್ದರು, ಹೆಡ್ಮಾಸ್ಟರು ಬಾಗಿಲಲ್ಲಿದ್ದರು.

"ಏಳಮ್ಮೋ, ಸಾಹೇಬ್ರು ಫೋನ್ ಮ್ಯಾಲೆ ಫೋನ್ ಮಾಡ್ತಾವ್ರೆ" ಅಂದರು ಬೋರೇಗೌಡರು. ಅಷ್ಟು ಹೊತ್ತೂ ಅವರು ಇದನ್ನು ಅವಳ ಮನೆಯ ಕಟ್ಟುಪಾಡು ಅಂತಲೇ ತಿಳಿದಿದ್ದರು. ಊಟದ ತಟ್ಟೆ ತಂದಿಲ್ಲವಲ್ಲ ಅಂತ ತಮಾಷೆಯನ್ನೂ ಮಾಡಿದ್ದರಂತೆ.

ನನ್ನ ಚಪ್ಪಲಿ ಸದ್ದಿಗೆ ಜವರಮ್ಮ ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು. ನಾನು ಹೇಳಿಲ್ಲ ಅನ್ನುವುದು ಅವಳಿಗೆ ಆಗಲೇ ಗೊತ್ತಾಗಿತ್ತು. ಬೋರೇಗೌಡರ ಕಡೆ ತಿರುಗಿ, ಬಾಗಿಲಲ್ಲಿದ್ದವರಿಗೂ ಕೇಳುವಂತೆ ಹೇಳಿದಳು:

"ಈ ಅಂಕಣದ ಗಾರೆ ಕೆಟ್ಟೋಗದೆ. ನನ್ನ ನಾಲ್ಗೆಗೆ ರುಚಿ ಇಲ್ಲ, ಯಾರ್ಗೂ ಯೋಳ್ದೆ ಎತ್ತಿ ಅಂದ್ಬುಟ್ಟೆ. ಇಂಜಿನೇರವ್ವಂಗೂ ಗೊತ್ತಿರ್ನಿಲ್ಲ. ಬಿಚ್ಚೋದಾದ್ರೆ ನನ್ನ ಮ್ಯಾಲೇ ಬಿಚ್ಚಿ."

ಅವಳ ಇಡೀ ಬದುಕಿನ ಹೆಸರು ನಿಂತಿದ್ದುದು ಆ ನಾಲಿಗೆಯ ಮೇಲೆ. ಅದನ್ನು ಅವಳು ಅಷ್ಟು ಜನರ ಮುಂದೆ ಕಳಚಿಟ್ಟಳು. ಕಳಚಿಡುವಾಗಲೂ ನನ್ನನ್ನು ಉಳಿಸಿದಳು. ನನಗೆ ತಡೆದುಕೊಳ್ಳಲು ಆಗಲಿಲ್ಲ.

"ನನಗೆ ಗೊತ್ತಿತ್ತು. ಶುಕ್ರವಾರದಿಂದ ಗೊತ್ತಿತ್ತು. ಹೇಳೋಕೆ ಹೆದರಿಕೊಂಡೆ" ಅಂದೆ. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ.

ಬೋರೇಗೌಡರು ಸುತ್ತಿಗೆ ಕೆಳಗಿಟ್ಟರು. ಏಣಿ ಹತ್ತಿ ಹೋಗಿ ನೆತ್ತಿಯ ಗಾರೆಯನ್ನು ಕರಣೆಯ ತುದಿಯಲ್ಲಿ ಕೆದಕಿದರು. ಅದು ಉದುರಲಿಲ್ಲ, ಮೆತ್ತಗೆ ಕರಣೆಗೆ ಅಂಟಿಕೊಂಡು ಬಂತು. ಇಳಿದು ಬಂದರು. ಆ ಬೆಣೆಯ ಮೇಲೆ ಅವಳು ಕೂರದಿದ್ದರೆ ಮೊದಲ ಏಟು ಹೊಡೆಯುತ್ತಿದ್ದವರು ಅವರೇ. ಹೊಸ ಗುಡಾಣಕ್ಕೆ ಅಳಲೆ ಹಾಕಿ ದಿನ ಸಾಲದ್ದನ್ನು ತಾನೂ ಹೇಳಬೇಕಿತ್ತು ಎಂದು ಗೊಣಗುತ್ತಾ ಹೊರಗೆ ಹೋಗಿ ಕೂತರು. ಮಧ್ಯಾಹ್ನ ಸಾಹೇಬರು ಬಂದರು. ಕೂಗಾಡಿದರು, ನನ್ನನ್ನು ಮನೆಗೆ ಕಳಿಸುತ್ತೇನೆ ಅಂದರು. ಕೊನೆಗೆ ಅವರೂ ಏಣಿ ಹತ್ತಿ ಉಗುರು ಒತ್ತಿ ನೋಡಿ, ಇಳಿದ ಮೇಲೆ ಮಾತು ಕಡಿಮೆ ಮಾಡಿದರು. ಜವರಮ್ಮನನ್ನು ಏನೂ ಅನ್ನಲಿಲ್ಲ. ಕೋಣೆ ತಡವಾಗುತ್ತದೆಂದು ಹೆಡ್ಮಾಸ್ಟರಿಗೆ ಅವರೇ ಹೇಳಿದರು.

ನೆತ್ತಿಯ ಇಟ್ಟಿಗೆಗಳನ್ನು ಕೈಯಲ್ಲೇ ಒಂದೊಂದಾಗಿ ಇಳಿಸಿದೆವು. ಹೊಸ ಗುಡಾಣ ನೆನೆಹಾಕಿದೆವು. ರುಚಿ ನೋಡುವವರು ಯಾರು ಅಂತ ಪ್ರಶ್ನೆ ಬಂದಾಗ ಜವರಮ್ಮ ನನ್ನ ಕೈಹಿಡಿದು ಗುಡಾಣದ ಮುಂದೆ ಕೂರಿಸಿದಳು. ಬೇರೆ ಯಾರಾದರೂ ಆಗಬಹುದಲ್ಲ ಅಂದೆ. ಅವಳು, ನಿನಗೆ ಈಗ ಇನ್ನೂ ಜಾಸ್ತಿ ಹೆದರಿಕೆ ಇದೆ, ನೀನೇ ಸರಿ ಅಂದಳು.

ದಿನವೂ ಬೆಳಿಗ್ಗೆ ನನ್ನ ಕಿರುಬೆರಳು, ನನ್ನ ನಾಲಿಗೆ, ಅವಳ ಕಣ್ಣು ನನ್ನ ಮುಖದ ಮೇಲೆ. ಮೊದಲಲ್ಲಿ ನನಗೆ ಎಲ್ಲವೂ ಒಂದೇ ಕೆಟ್ಟ ಕಷಾಯ. ನಾಲಿಗೆಯ ತುದಿಯಲ್ಲಿ ಹುಡುಕಬೇಡ, ಉಗಿದ ಮೇಲೆ ಉಳಿಯುವುದನ್ನು ಹುಡುಕು ಎಂದು ಕಲಿಸಿದಳು. ಒಂದು ಬೆಳಿಗ್ಗೆ, ಸಿಹಿ ಹೋಯಿತು, ಎತ್ತೋಣ ಅಂದೆ. ಅವಳು ನನ್ನ ಮುಖ ನೋಡಿ ಒಪ್ಪಲಿಲ್ಲ. "ನಿಂಗೆ ಮುಗುಸ್ಬೇಕು ಅಂತ ಅವಸ್ರ, ಅದ್ಕೆ ಸೀ ಸಿಕ್ತಾಯಿಲ್ಲ. ನಾಳೀಕೆ ನೋಡು" ಅಂದಳು. ಮರುದಿನ ಸಮಾಧಾನದಲ್ಲಿ ನೋಡಿದರೆ, ಉಗಿದ ಮೇಲೆ ಎಲ್ಲೋ ಹಿಂದೆ ಸಿಹಿಯ ಒಂದು ಎಳೆ ಇನ್ನೂ ಇತ್ತು. ಅದು ಪೂರ್ತಿ ಹೋಗುವುದಕ್ಕೆ ಮತ್ತೆ ಐದು ದಿನ ಹಿಡಿಯಿತು. ಅರೆದ ಗಾರೆಯನ್ನು ಮೊದಲ ಸಲ ಮುಟ್ಟಿಸಿಕೊಂಡಾಗ ನಾಲಿಗೆ ಸುಟ್ಟು ಎರಡು ದಿನ ಮಜ್ಜಿಗೆ ಅನ್ನ ಉಂಡೆ.

ಸೆಂಟ್ರಿಂಗ್ ಬಿಚ್ಚುವ ದಿನ ಬಂದಾಗ ಇರುವೆ ಹುಡುಕಿದೆವು, ಒಂದೂ ಇರಲಿಲ್ಲ. ಉಗುರು ಒತ್ತಿದೆವು, ಇಳಿಯಲಿಲ್ಲ. ಜವರಮ್ಮ ಎರಡು ತಟ್ಟೆಯಲ್ಲಿ ಮುದ್ದೆ, ಅವರೆಕಾಳಿನ ಸಾರು ಬಡಿಸಿಕೊಂಡು ಬಂದು ಮೂಡಣ ಅಂಕಣದ ನಡುವೆ ಇಟ್ಟಳು. ನಾಲಿಗೆ ನಿನ್ನದು, ಕೂರಬೇಕಾದವಳು ನೀನು, ಆದರೆ ಇದು ನಿನ್ನ ಮೊದಲನೇದು, ಜೊತೆಗೆ ನಾನೂ ಕೂರುತ್ತೇನೆ ಅಂದಳು. ಇಬ್ಬರೂ ಕೂತೆವು. ಅವಳು ಎಡಗೈಯಲ್ಲಿ ನನ್ನ ಕೈ ಹಿಡಿದುಕೊಂಡಳು.

"ವಡೀರಿ" ಅಂದಳು ಬೋರೇಗೌಡರಿಗೆ.

ಮೊದಲ ಬೆಣೆ ಸಡಿಲವಾಯಿತು. ಒಂದು ಕಂಬ ವಾಲಿತು, ತೆಗೆದರು. ತಲೆಯ ಮೇಲಿಂದ ಸಣ್ಣ ಪುಡಿ ಉದುರಿ ಸಾರಿನಲ್ಲಿ ಬಿತ್ತು. ಎರಡನೆಯದು ತೆಗೆದರು. ಮೂರನೆಯದಕ್ಕೆ ಹಲಗೆ ಕಿರುಗುಟ್ಟಿ ಕೆಳಗೆ ಬಂತು, ನಾನು ಕಣ್ಣು ಮುಚ್ಚಿಕೊಂಡೆ. ಆಮೇಲೆ ಸದ್ದಿಲ್ಲ. ಕಣ್ಣುಬಿಟ್ಟು ನೋಡಿದರೆ ಮೇಲೆ ಇಟ್ಟಿಗೆ, ಅದರ ಸಾಲು, ನಡುವೆ ತೆಳ್ಳಗೆ ಬಿಳಿ ಗೆರೆಗಳು. ಜವರಮ್ಮ ನನ್ನ ಕೈ ಬಿಟ್ಟು ಮುದ್ದೆ ಮುರಿದಳು. ರುಚಿಯಿಲ್ಲದ ಆ ಊಟವನ್ನು ತಟ್ಟೆ ಬಳಿದು ಉಂಡಳು.

ಅವಳಿಗೆ ರುಚಿ ಮತ್ತೆ ಬರಲೇ ಇಲ್ಲ. ಹೊಗೆಸೊಪ್ಪಿಗೆ ಅವಳನ್ನು ನಾವು ಕಳಿಸಲಿಲ್ಲ. ಆಮೇಲಿನ ಎರಡು ಕೆಲಸಗಳಿಗೂ ಬಂದು ನನ್ನ ಪಕ್ಕ ಕೂತು ನನ್ನ ಮುಖ ನೋಡಿ ಹದ ಹೇಳಿದಳು. ಆದರೆ ಆ ಜ್ವರ ಅವಳ ಉಸಿರನ್ನೂ ತಿಂದಿತ್ತು. ಒಂದು ಸಂಜೆ ಹೊಳೆನರಸೀಪುರದ ಮನೆಗೆ ಹೋದಾಗ ಗೋಡೆಗೆ ಒರಗಿ ಕೂತಿದ್ದಳು. ಇಷ್ಟವೆಂದು ಒಯ್ದಿದ್ದ ಒಬ್ಬಟ್ಟನ್ನು ಒಂದು ಚೂರು ಬಾಯಿಗಿಟ್ಟು, ನಿನಗೋಸ್ಕರ ಚೆನ್ನಾಗಿದೆ ಅಂದಳು. ಆಮೇಲೆ ಹತ್ತಿರ ಕರೆದು ನಾಲಿಗೆ ಚಾಚು ಅಂದಳು. ಚಿಕ್ಕ ಮಗುವಿನ ಹಾಗೆ ಚಾಚಿದೆ. ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. ತುದಿಯಲ್ಲಿ ಸಾಸಿವೆಯಷ್ಟು ಬಿಳಿ ಬಂದಿತ್ತು, ನಾನು ಕನ್ನಡಿಯಲ್ಲಿ ನೋಡಿಕೊಂಡಿದ್ದೆ.

"ಎದ್ರಿಕೆ ಓಯ್ತಾ?" ಎಂದು ಕೇಳಿದಳು.

ಇಲ್ಲ ಕಣವ್ವ ಅಂದೆ. "ಓಗಾಕೆ ಬುಡ್ಬ್ಯಾಡ" ಅಂದು ಗಲ್ಲ ಬಿಟ್ಟಳು. ನಾವು ಕಡೆಯದಾಗಿ ಮಾತಾಡಿದ್ದು ಅಷ್ಟೇ. ಅವಳು ಹೋದ ಸುದ್ದಿ ಬಂದಾಗ ನಾನು ಏಣಿಯ ಮೇಲಿದ್ದೆ. ಇಳಿಯಲು ಬಹಳ ಹೊತ್ತು ಬೇಕಾಯಿತು.

ಅರಕಲಗೂಡಿನ ಕಡೆ ಹೋದಾಗಲೆಲ್ಲ ಆ ಶಾಲೆಗೆ ಹೋಗುತ್ತೇನೆ. ಮೂಡಣ ಅಂಕಣದಲ್ಲಿ ಈಗ ಸಣ್ಣ ಮಕ್ಕಳು ಕೂರುತ್ತವೆ. ನಾನು ಮೊದಲು ಗೋಡೆಯಲ್ಲಿ ಇರುವೆ ಹುಡುಕುತ್ತೇನೆ, ಆಮೇಲೆ ಮಕ್ಕಳ ಮುಖ ನೋಡುತ್ತೇನೆ.

ಮೊನ್ನೆ ಸಾಲಗಾಮೆಯ ಹತ್ತಿರ ಒಂದು ಕಮಾನಿನ ಸೆಂಟ್ರಿಂಗ್ ಬಿಚ್ಚಿದೆವು. ಹದ ಹೇಳಿದ್ದು ನಾನು. ತಟ್ಟೆ ಹಿಡಿದು ನಡುವೆ ಹೋಗಿ ಕೂತೆ. ಬೋರೇಗೌಡರು ಸುತ್ತಿಗೆ ಎತ್ತಿಕೊಂಡು ನನ್ನ ಪಕ್ಕದ ಖಾಲಿ ನೆಲ ನೋಡಿದರು. ಹಿಡಿದುಕೊಳ್ಳಲು ಇನ್ನೊಂದು ಕೈ ಇರಲಿಲ್ಲ. ತಟ್ಟೆಯ ಅಂಚನ್ನೇ ಗಟ್ಟಿಯಾಗಿ ಹಿಡಿದುಕೊಂಡು, ಹೊಡೀರಿ ಅಂದೆ.